ಡಿ ಕ್ಲಾಸಿನ ಜೀಪು

ಕಾರ್ ರೇಸ್ ಗೇಮ್ ಆಡುವವರಿಗೆ ಗೊತ್ತಿರುತ್ತದೆ, ಗ್ಯಾರೇಜಿನಲ್ಲಿ ಕಾರಿನ ಅಂದಚಂದಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಅದರ ಮೇಲಿನ ಒಂದು ಅಕ್ಷರ ಮತ್ತು ಒಂದು ಅಂಕಿ. 'ಫೋರ್ಜಾ ಹೊರೈಜನ್ 5' ಎಂಬ ಗೇಮನ್ನೇ ತಗೊಳ್ಳಿ. 2021ರ ನವೆಂಬರಿನಲ್ಲಿ ಬಂದದ್ದು. ಮೆಕ್ಸಿಕೋದ ಹೈವೇ, ಕಾಡು, ಮರುಭೂಮಿ, ಜ್ವಾಲಾಮುಖಿ ಎಲ್ಲದರ ಮೇಲೂ ಕಾರು ಓಡಿಸಬಹುದು. ಅದರಲ್ಲಿ ಪ್ರತಿ ಕಾರಿಗೂ 100ರಿಂದ 999ರೊಳಗೆ ಒಂದು ಅಂಕಿ. 500ರವರೆಗೆ ಡಿ ಕ್ಲಾಸ್, 600ರವರೆಗೆ ಸಿ, 700ರವರೆಗೆ ಬಿ, 800ರವರೆಗೆ ಎ, 900ರವರೆಗೆ ಎಸ್1, 998ರವರೆಗೆ ಎಸ್2. ಕೊನೆಯ 999 ಎಂಬ ಒಂದೇ ಅಂಕಿಗೆ ಎಕ್ಸ್.

ಈ ಕ್ಲಾಸುಗಳು ಯಾಕೆ ಬೇಕು ಅಂತ ವಿವರಿಸುವ ಅಗತ್ಯವಿಲ್ಲ. ಹಳೇ ಫೋಕ್ಸ್‌ವ್ಯಾಗನ್ ಬೀಟಲ್ ಪಕ್ಕ ಬುಗಾಟಿ ನಿಲ್ಲಿಸಿ ಸೀಟಿ ಊದಿದರೆ ಅದು ರೇಸ್ ಅಲ್ಲ, ತಮಾಷೆ. ನೂರಾರು ಬಗೆಯ ಕಾರುಗಳಿರುವ ಗೇಮಿನಲ್ಲಿ ಯಾರ ಪಕ್ಕ ಯಾರು ನಿಲ್ಲಬೇಕು ಅಂತ ಯಾರಾದರೂ ತೀರ್ಮಾನಿಸಲೇಬೇಕು. ಹಾಗಾಗಿ ಕಾರಿನ ವೇಗ, ಪಿಕಪ್ಪು, ಬ್ರೇಕು, ತಿರುವಿನಲ್ಲಿ ರಸ್ತೆ ಕಚ್ಚಿ ಹಿಡಿಯುವ ಗುಣ ಇವನ್ನೆಲ್ಲ ಕೂಡಿಸಿ ಕಳೆದು ಒಂದು ಅಂಕಿ ಮಾಡುತ್ತಾರೆ. ಇಂಜಿನಿಯರಿಂಗ್ ಓದಿದವನಿಗೆ ಇದನ್ನು ನೋಡಿದರೆ ಖುಷಿಯೇ ಆಗುತ್ತದೆ. ಇಷ್ಟು ಗೋಜಲು ವಸ್ತುವನ್ನು ಮೂರು ಅಂಕಿಯೊಳಗೆ ತಂದು ಕೂರಿಸಿದ್ದಾರಲ್ಲ ಅಂತ.

ಆ ಖುಷಿ ಎಷ್ಟು ದಿನ ಇರುತ್ತದೆ ಅನ್ನುವುದು ನೀವು ಯಾರ ಜೊತೆ ಆಡುತ್ತೀರಿ ಅನ್ನುವುದರ ಮೇಲೆ ನಿಂತಿದೆ.

ನಾವು ಆಡುವವರು ಐದು ಜನ. ಸಂಸೆ, ಕಳಸದ ಸುತ್ತಮುತ್ತಲ ಹುಡುಗರು, ಒಂದೇ ಹೈಸ್ಕೂಲಿನ ಒಂದೇ ಬೆಂಚಿನವರು. ಈಗ ಹುಡುಗರು ಅನ್ನುವ ಹಾಗಿಲ್ಲ, ಎಲ್ಲರಿಗೂ ಮೂವತ್ತು ದಾಟಿದೆ. ಇಬ್ಬರು ಬೆಂಗಳೂರಲ್ಲಿ ಸಾಫ್ಟ್‌ವೇರು, ಅದರಲ್ಲಿ ನಾನೊಬ್ಬ. ಒಬ್ಬ ಮಂಗಳೂರಲ್ಲಿ ಬ್ಯಾಂಕಿನವ. ಒಬ್ಬ ಡಲ್ಲಾಸಿನಲ್ಲಿ. ಇನ್ನೊಬ್ಬ ಊರಲ್ಲೇ ಉಳಿದವ, ಸಂಸೆಯಲ್ಲಿ ಅಡಿಕೆ, ಕಾಫಿ ತೋಟ ನೋಡಿಕೊಂಡಿದ್ದಾನೆ. ಭಾನುವಾರ ರಾತ್ರಿ ಒಂಬತ್ತೂವರೆಗೆ ಎಲ್ಲರೂ ಹೆಡ್‌ಫೋನ್ ಹಾಕಿಕೊಂಡು ಕೂರುತ್ತೇವೆ. ಡಲ್ಲಾಸಿನವನಿಗೆ ಆಗ ಬೆಳಿಗ್ಗೆ ಹನ್ನೊಂದು, ಅವನ ಮಗಳು ಪಕ್ಕದಲ್ಲಿ ಕೂತು ದೋಸೆ ತಿನ್ನುವ ಸದ್ದು ನಮಗೆಲ್ಲ ಕೇಳುತ್ತದೆ.

ವಾಟ್ಸಾಪ್ ಗ್ರೂಪು ಎಲ್ಲರಿಗೂ ಇರುತ್ತದೆ ಬಿಡಿ. ಆದರೆ ಗ್ರೂಪಿನಲ್ಲಿ ಹುಟ್ಟುಹಬ್ಬದ ಕೇಕು, ಫಾರ್ವರ್ಡು ಬಿಟ್ಟರೆ ಬೇರೇನು ಬರುತ್ತದೆ? ಒಟ್ಟಿಗೆ ಏನಾದರೂ ಮಾಡುತ್ತಿರುವಾಗ ಮಾತ್ರ ಗಂಡಸರ ಬಾಯಿ ಬಿಡುತ್ತದೆ ಅಂತ ನನ್ನ ಅನುಭವ. ಹಿಂದೆ ಭದ್ರಾ ಹೊಳೆ ಬದಿಯಲ್ಲಿ ಗಾಳ ಹಾಕಿ ಕೂತು ಆಡುತ್ತಿದ್ದ ಮಾತುಗಳೆಲ್ಲ ಈಗ ಮೆಕ್ಸಿಕೋದ ರಸ್ತೆ ಮೇಲೆ ಬರುತ್ತವೆ. ಸಂಸೆಯವನ ತೋಟಕ್ಕೆ ಎಲೆಚುಕ್ಕಿ ರೋಗ ಬಂದು ಅಡಿಕೆ ಮರಗಳ ಗರಿ ಒಣಗಿ ನಿಂತ ವಿಷಯ ನಮಗೆ ಮೊದಲು ಗೊತ್ತಾಗಿದ್ದು ಹೀಗೇ, ಒಂದು ರೇಸು ಮುಗಿದು ಇನ್ನೊಂದು ಲೋಡ್ ಆಗುವ ಮಧ್ಯದ ಅರ್ಧ ನಿಮಿಷದಲ್ಲಿ. "ಈ ಸಲ ಫಸಲು ಲೆಕ್ಕಕ್ಕಿಲ್ಲ ಮಾರಾಯ" ಅಂದ. ಅಷ್ಟರಲ್ಲಿ ಕೌಂಟ್‌ಡೌನ್ ಶುರುವಾಯಿತು. ಅವನಿಗೂ ಅಷ್ಟೇ ಬೇಕಾಗಿತ್ತೇನೋ. ಹೇಳಿಯೂ ಆಯಿತು, ಯಾರೂ ಸಮಾಧಾನ ಹೇಳಲಿಕ್ಕೂ ಬರಲಿಲ್ಲ.

ಈ ಒಂದು ಗಂಟೆ ನಿಂತುಹೋಗುವ ಹಾಗಾದದ್ದು ಕಾರಿನ ಕ್ಲಾಸಿನಿಂದ ಅಂದರೆ ನಂಬುತ್ತೀರಾ?

ನಮ್ಮ ಮೊದಲ ನಿಯಮ ಸರಳವಾಗಿತ್ತು. ಎ ಕ್ಲಾಸು, ಅಂದರೆ 701ರಿಂದ 800. ಯಾರು ಯಾವ ಕಾರು ಬೇಕಾದರೂ ತನ್ನಿ. ನೂರು ಅಂಕಿಯ ಜಾಗ ಇದೆಯಲ್ಲ, ಬಗೆಬಗೆಯ ಕಾರು ಬರುತ್ತವೆ ಅಂದುಕೊಂಡಿದ್ದೆವು. ಎರಡನೇ ವಾರಕ್ಕೆ ಐದರಲ್ಲಿ ನಾಲ್ಕು ಕಾರು ಸರಿಯಾಗಿ 800ರಲ್ಲಿ ನಿಂತಿದ್ದವು. 740ರ ಕಾರು ತಂದು ಯಾಕೆ ಸೋಲಬೇಕು? ಗೇಮಿನಲ್ಲಿ ಇಂಜಿನ್, ಟೈರು, ಗೇರು ಎಲ್ಲ ಬದಲಾಯಿಸಬಹುದು. ಡಲ್ಲಾಸಿನವನು ಒಂದೊಂದೇ ಬಿಡಿಭಾಗ ಹಾಕಿ, ತೆಗೆದು, ಅಳೆದು, 800ಕ್ಕೆ ಒಂದು ಕೂದಲೂ ಹೆಚ್ಚು ಕಮ್ಮಿ ಇಲ್ಲದ ಹಾಗೆ ಕಾರು ಕಟ್ಟುತ್ತಾನೆ. ಹಿಂದಿನ ಎರಡು ಚಕ್ರಕ್ಕೆ ಮಾತ್ರ ಶಕ್ತಿ ಹೋಗುವ ಕಾರಿಗೆ ನಾಲ್ಕೂ ಚಕ್ರಕ್ಕೆ ಹೋಗುವಂತೆ ಮಾಡುತ್ತಾನೆ, ಬೇರೆ ಯಾವುದೋ ಇಂಜಿನ್ ತಂದು ತುರುಕುತ್ತಾನೆ. ಹೊರಗಿನಿಂದ ಪಾಪದ ಹಳೇ ಕಾರು, ಒಳಗೆ ರಾಕ್ಷಸ. ಅಂಕಿ ಮಾತ್ರ ಎಲ್ಲರಂತೆ 800.

ಇದು ಅವನೊಬ್ಬನ ಕಿತಾಪತಿಯಲ್ಲ. ಲೋಕದಲ್ಲಿ ಈ ಥರದ ಗೇಮ್ ಆಡುವವರೆಲ್ಲ ಮಾಡುವುದು ಇದನ್ನೇ. 'ಗ್ರಾನ್ ಟುರಿಸ್ಮೊ 7' ಅಂತ ಇನ್ನೊಂದು ಗೇಮಿದೆ, 2022ರಲ್ಲಿ ಬಂದದ್ದು. ಅಲ್ಲಿ ಅಂಕಿಯ ಹೆಸರು ಪಿಪಿ. ಗೇರು, ಸಸ್ಪೆನ್ಷನ್ನಿಗೆ ಯಾವ ಮೆಕ್ಯಾನಿಕ್ಕೂ ಕೊಡದ ವಿಚಿತ್ರ ಅಳತೆ ಕೊಟ್ಟರೆ ಗೇಮಿನ ಲೆಕ್ಕ ತಲೆಕೆಟ್ಟು ಪಿಪಿ ಕೆಳಗಿಳಿಯುತ್ತಿತ್ತು, ಕಾರು ಮಾತ್ರ ಮೊದಲಿಗಿಂತ ಜೋರಾಗಿ ಓಡುತ್ತಿತ್ತು. ಕಂಪನಿಯವರು ಒಂದು ತೂತು ಮುಚ್ಚಿದರೆ ಜನ ಇನ್ನೊಂದು ಹುಡುಕುತ್ತಿದ್ದರು.

ಗೇಮ್ ಆಡದ ಓದುಗರು ಇದೆಲ್ಲ ನಮಗೆ ಸಂಬಂಧವಿಲ್ಲ ಅಂದುಕೊಳ್ಳಬೇಡಿ. ನಿಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಇಳಿದು ನೋಡಿ. ಹಿಂದಿನ ಡಿಕ್ಕಿಯನ್ನು ಯಾರೋ ಕತ್ತಿಯಲ್ಲಿ ಕಡಿದ ಹಾಗಿರುವ ಕಾರುಗಳು ಎಷ್ಟಿವೆ? 2006ರ ಬಜೆಟ್ಟಿನಲ್ಲಿ ನಾಲ್ಕು ಮೀಟರ್ ಮೀರದ, ಪೆಟ್ರೋಲಾದರೆ 1200 ಸಿಸಿ, ಡೀಸೆಲಾದರೆ 1500 ಸಿಸಿ ಮೀರದ ಕಾರಿಗೆ ತೆರಿಗೆ ಇಳಿಸಿದರು. ಸಣ್ಣ ಕುಟುಂಬಕ್ಕೆ ಸಣ್ಣ ಕಾರು ಸಿಗಲಿ ಅಂತ. 2008ರಲ್ಲಿ ಟಾಟಾದವರು ಇಂಡಿಗೋ ಕಾರಿನ ಹಿಂಭಾಗ ಮೊಟಕು ಮಾಡಿ ಇಂಡಿಗೋ ಸಿಎಸ್ ತಂದರು. ನಾಲ್ಕು ಮೀಟರಿಗಿಂತ ಉದ್ದವಿದ್ದ ಸ್ವಿಫ್ಟ್ ಡಿಜೈರ್ 2012ರಲ್ಲಿ ಹೊಸ ರೂಪದಲ್ಲಿ ಬಂದಾಗ ಅದರ ಉದ್ದ 3995 ಮಿಲಿಮೀಟರ್. ಗೆರೆಗೆ ಐದು ಮಿಲಿಮೀಟರ್ ಬಾಕಿ! ನಮ್ಮ ಡಲ್ಲಾಸಿನವನ 800ಕ್ಕೂ ಇದಕ್ಕೂ ಏನು ವ್ಯತ್ಯಾಸ ಹೇಳಿ. 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಬದಲಾಯಿಸಿ ಸಣ್ಣ ಕಾರಿಗೆ ಶೇಕಡಾ 18, ದೊಡ್ಡದಕ್ಕೆ 40 ಮಾಡಿದಾಗಲೂ ಆ ನಾಲ್ಕು ಮೀಟರಿನ ಗೆರೆ ಅಲ್ಲೇ ಉಳಿಯಿತು. ಗೆರೆ ಎಳೆದವರು ಒಂದು ಬಯಲನ್ನು ತೋರಿಸುತ್ತಾರೆ, ಜನ ಮಾತ್ರ ಅದರ ಬೇಲಿಗೆ ಒರಗಿಯೇ ಮನೆ ಕಟ್ಟುತ್ತಾರೆ.

ನಮ್ಮ ಐದನೆಯವನು, ಸಂಸೆಯವನು, ಈ ಬೇಲಿ ಹತ್ತಿರ ಹೋಗಲಿಲ್ಲ. ಅವನಿಗೆ ಕಾರು ಕಟ್ಟುತ್ತ ಕೂರುವ ವ್ಯವಧಾನ ಇಲ್ಲ. ಬೆಳಿಗ್ಗೆ ತೋಟ, ಮಧ್ಯಾಹ್ನ ಸೊಸೈಟಿ, ರಾತ್ರಿ ಮಳೆ ಬಂದರೆ ಲೈನಿನ ಮೇಲೆ ಮರ ಬಿದ್ದು ಇಂಟರ್‌ನೆಟ್ಟೇ ಮಾಯ. ಚಂದ ಕಂಡ ಕಾರು ತಂದು ಹಾಗೇ ಓಡಿಸುತ್ತಿದ್ದ. ವಾರವಾರವೂ ಐದನೇ ಸ್ಥಾನ. ಮೊದಮೊದಲು ನಗುತ್ತಿದ್ದ. ಆರನೇ ವಾರ "ಕರೆಂಟಿಲ್ಲ, ನೀವು ಆಡಿ" ಅಂತ ಮೆಸೇಜು. ಏಳನೇ ವಾರವೂ ಕರೆಂಟಿಲ್ಲ. ಎಂಟನೇ ವಾರ ಅದೇ ಹೊತ್ತಿಗೆ ಅವನು ವಾಟ್ಸಾಪಲ್ಲಿ ಸ್ಟೇಟಸ್ ಹಾಕಿದ್ದು ಮಂಗಳೂರಿನವನ ಕಣ್ಣಿಗೆ ಬಿತ್ತು.

ಯಾರೂ ಅವನನ್ನು ಕೇಳಲಿಲ್ಲ. ಆದರೆ ನಿಯಮ ಬದಲಾಗಬೇಕು ಅಂತ ಎಲ್ಲರಿಗೂ ಅನ್ನಿಸಿತು.

ಎರಡನೇ ನಿಯಮ ಮಂಗಳೂರಿನವನದ್ದು. ಬ್ಯಾಂಕಿನವನಲ್ಲವೇ, ಬಡ್ಡಿ ಲೆಕ್ಕದ ಹಾಗೆ ಸೂಚಿಸಿದ. ಗೆದ್ದವನ ಕಾರಿಗೆ ಮುಂದಿನ ವಾರ 15 ಅಂಕಿ ಕಡಿತ, ಕೊನೆಗೆ ಬಂದವನಿಗೆ 15 ಅಂಕಿ ಹೆಚ್ಚು. ಇದು ಹೊಸದೇನಲ್ಲ. ಕುದುರೆ ರೇಸಿನಲ್ಲಿ ಚೆನ್ನಾಗಿ ಓಡುವ ಕುದುರೆಯ ಬೆನ್ನಿಗೆ ಹೆಚ್ಚು ತೂಕ ಹೇರುತ್ತಾರೆ. ಕಾರು ರೇಸಿನಲ್ಲಿ 2006ರಲ್ಲಿ ಶುರುವಾದ ಜಿಟಿ3 ವಿಭಾಗ ನಿಂತಿರುವುದೇ ಇದರ ಮೇಲೆ. ಅಲ್ಲಿ ಮರ್ಸಿಡಿಸ್‌ನದು ಆರು ಲೀಟರ್ ಮೀರಿದ ಇಂಜಿನು, ಅದೂ ಮುಂದೆ. ಪೋರ್ಷೆಯದು ಅದಕ್ಕಿಂತ ಬಹಳ ಚಿಕ್ಕದು, ಹಿಂದೆ. ಹುಟ್ಟಿನಿಂದಲೇ ಬೇರೆ ಬೇರೆಯಾದ ಇವನ್ನು ಒಂದೇ ಸಾಲಿನಲ್ಲಿ ಓಡಿಸಬೇಕಾದರೆ ಒಂದಕ್ಕೆ ತೂಕ ಕಟ್ಟು, ಇನ್ನೊಂದರ ಇಂಜಿನ್ನಿಗೆ ಹೋಗುವ ಗಾಳಿ ಕಟ್ಟು. ಬ್ಯಾಲೆನ್ಸ್ ಆಫ್ ಪರ್ಫಾರ್ಮೆನ್ಸ್ ಅಂತ ಅದಕ್ಕೆ ಹೆಸರು. ಫಲಿತಾಂಶ ನೋಡಿಕೊಂಡು ಮತ್ತೆ ಮತ್ತೆ ತಿದ್ದುತ್ತಾರೆ.

ಅದರ ಕಾಯಿಲೆಯೂ ಹಳೆಯದೇ. ಗೆದ್ದರೆ ಭಾರ ಬೀಳುತ್ತದೆ ಅಂತ ಗೊತ್ತಾದ ಮೇಲೆ ಗೆಲ್ಲದೇ ಇರುವುದೂ ಒಂದು ವಿದ್ಯೆಯಾಗುತ್ತದೆ. ಮೂರನೇ ವಾರಕ್ಕೆ ಮಂಗಳೂರಿನವನು ಫಿನಿಶ್ ಲೈನಿನ ಮುಂದೆ ಬ್ರೇಕ್ ಹಾಕಿ, ಡಲ್ಲಾಸಿನವನನ್ನು "ನೀವು ಮುಂದೆ ಹೋಗಿ ಸ್ವಾಮಿ" ಅಂತ ಕಳಿಸಿಕೊಟ್ಟ. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ನಗದೇ ಇದ್ದವನು ಒಬ್ಬನೇ. ನಾವು ಫೋನು ಮಾಡಿ ಕರೆದದ್ದಕ್ಕೆ ಆ ವಾರ ಬಂದಿದ್ದ. ಅಂಕಿ ಏರಿ ಏರಿ ಈಗ ಅವನ ಕಾರು ನಮ್ಮೆಲ್ಲರದ್ದಕ್ಕಿಂತ ಜೋರಿತ್ತು, ಮೂರನೇ ಸ್ಥಾನವೂ ಬಂತು. ರೇಸು ಮುಗಿದ ಮೇಲೆ ತಣ್ಣಗೆ ಹೇಳಿದ, "ಗ್ರೇಸ್ ಮಾರ್ಕ್ಸ್ ಕೊಟ್ಟು ನನ್ನನ್ನು ಪಾಸ್ ಮಾಡ್ಸೋದು ಬೇಡ ಮಾರಾಯ. ಅದಕ್ಕಿಂತ ಫೇಲೇ ಅಡ್ಡಿಲ್ಲ."

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಕ್ಲಾಸು ಸರಿಮಾಡುವುದು ಅಂದರೆ ಸೋಲುವವನನ್ನು ಮೇಲೆತ್ತಿ ಕೂರಿಸುವುದಲ್ಲ. ಹಾಗಾದರೆ ಏನು?

ಉತ್ತರದ ಒಂದು ತುದಿ ಸಿಕ್ಕಿದ್ದು ದೀಪಾವಳಿಗೆ ಊರಿಗೆ ಹೋದಾಗ. ದೊಡ್ಡಪ್ಪನ ಮಗ ಜೀಪು ಓಡಿಸುತ್ತಾನೆ. ಕುದುರೆಮುಖ ಹತ್ತಲು ಬರುವ ನಿಮ್ಮಂಥವರನ್ನು ಬಾಳೆಗಲ್ಲಿನಿಂದ ಮುಳ್ಳೋಡಿಗೆ ಮುಟ್ಟಿಸುವುದು ಅವನ ಕೆಲಸ. ಆ ದಾರಿಯಲ್ಲಿ ಹೋದವರಿಗೆ ಗೊತ್ತು, ಅದನ್ನು ರಸ್ತೆ ಅನ್ನುವುದು ಒಂದು ಉಪಚಾರ. ಕಲ್ಲು, ಕೊರಕಲು, ಮಳೆಗಾಲದಲ್ಲಿ ಕೆಸರು. ಬೆಂಗಳೂರಿನಿಂದ ಬಂದ ಇಪ್ಪತ್ತು ಲಕ್ಷದ ಕಾರುಗಳು ಕೆಳಗೆ ಸಾಲಾಗಿ ನಿಂತಿರುತ್ತವೆ, ಅವುಗಳ ಒಡೆಯರು ಜೀಪಿನ ಹಿಂದಿನ ಸರಳು ಹಿಡಿದು ದೇವರ ಹೆಸರು ಹೇಳುತ್ತ ಮೇಲೆ ಹೋಗುತ್ತಾರೆ.

ಅವನು ನನ್ನ ಲ್ಯಾಪ್‌ಟಾಪು ಇಣುಕಿ ನೋಡುತ್ತಿದ್ದ. ಗ್ಯಾರೇಜಿನಲ್ಲಿ 1945ರ ವಿಲ್ಲೀಸ್ ಜೀಪು ಕಂಡಿತು. ಮಹೀಂದ್ರಾದವರು 1947ರಿಂದ ನಮ್ಮ ದೇಶದಲ್ಲಿ ಜೋಡಿಸಲು ಶುರುಮಾಡಿದ್ದು ಇದೇ ವಿಲ್ಲೀಸ್ ಜೀಪುಗಳನ್ನು. ಇವತ್ತು ಮಲೆನಾಡಿನಲ್ಲಿ ಓಡುವ ಜೀಪುಗಳೆಲ್ಲ ಅದರ ಮಕ್ಕಳು ಮೊಮ್ಮಕ್ಕಳೇ. ಗೇಮಿನಲ್ಲಿ ಅದರ ಮೇಲೆ ಬರೆದಿತ್ತು, ಡಿ. ಅದರಲ್ಲೂ ತೀರಾ ತಳದಲ್ಲಿ.

"ಇದೆಂತ, ವಿಲ್ಲೀಸಿಗೆ ಡಿ?"

"ಸ್ಪೀಡಿಲ್ಲಲ್ಲ ಅಣ್ಣಯ್ಯ. ಅರವತ್ತು ಹಾರ್ಸ್‌ಪವರ್ ಅಷ್ಟೇ."

"ಅದು ಸರಿ. ಯಾವ ರಸ್ತೇಲಿ ಓಡ್ಸಿ ನೋಡಿದ್ದಂತೆ ಅವ್ರು?"

ಇಷ್ಟೇ ಕೇಳಿ ಅವನು ದನಕ್ಕೆ ಹುಲ್ಲು ಹಾಕಲು ಎದ್ದು ಹೋದ. ಅವನ ಪ್ರಶ್ನೆ ಹೊಸದೇನೂ ಅಲ್ಲ, ನಾನು ಆಫೀಸಿನಲ್ಲಿ ದಿನಾ ಕೇಳುವ ಪ್ರಶ್ನೆಯೇ. ಯಾರಾದರೂ ಬಂದು ನಮ್ಮ ಸಾಫ್ಟ್‌ವೇರು ಇಷ್ಟು ಫಾಸ್ಟು ಅಂದರೆ ನಾವು ಮೊದಲು ಕೇಳುವುದು, ಯಾವ ಮೆಷಿನ್ನು, ಎಷ್ಟು ಲೋಡು ಅಂತ. ಜೀಪಿನ ಗುಟ್ಟು ಅದರ ಇನ್ನೊಂದು ಗೇರಿನಲ್ಲಿದೆ. ನಾಲ್ಕು ಚಕ್ರಕ್ಕೂ ಶಕ್ತಿ ಕೊಟ್ಟು ಲೋ ಗೇರಿಗೆ ಹಾಕಿದರೆ ವೇಗ ಸುಮಾರು ಅರ್ಧವಾಗುತ್ತದೆ, ಚಕ್ರಕ್ಕೆ ಸಿಗುವ ಬಲ ಸುಮಾರು ಎರಡು ಪಟ್ಟಾಗುತ್ತದೆ. ಮುಳ್ಳೋಡಿ ದಾರಿಯಲ್ಲಿ ಬೇಕಾದದ್ದು ಅದೇ. ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು ಅಂತ ಅಳೆಯುವ ಲೆಕ್ಕದ ಕಣ್ಣಿಗೆ ಆ ಗೇರು ಕಾಣುವುದೇ ಇಲ್ಲ. ಗೇಮಿಗೂ ಇದು ಪೂರ್ತಿ ಗೊತ್ತಿಲ್ಲ ಅಂತಲ್ಲ. ಆಫ್‌ರೋಡ್ ಅಂತ ಬೇರೆ ಒಂದು ಗೀಟು ತೋರಿಸುತ್ತದೆ. ಆದರೆ ಯಾರ ಪಕ್ಕ ಯಾರು ನಿಲ್ಲಬೇಕು ಅಂತ ತೀರ್ಮಾನಿಸುವ ಹೊತ್ತಿಗೆ ನೋಡುವುದು ಆ ಮೂರು ಅಂಕಿಯನ್ನೇ.

ಉತ್ತರದ ಇನ್ನೊಂದು ತುದಿ ಘಟ್ಟದ ಕೆಳಗಿತ್ತು. ಸಂಸೆಯಿಂದ ಕುದುರೆಮುಖ, ಎಸ್.ಕೆ. ಬಾರ್ಡರ್ ದಾಟಿ ಇಳಿದರೆ ಬಜಗೋಳಿ, ಕಾರ್ಕಳ. ಅಲ್ಲೇ ಮಿಯ್ಯಾರಿನಲ್ಲಿ ಕಂಬಳ ನಡೆಯುತ್ತದೆ. ನಮ್ಮ ಸಂಸೆಯ ಗೆಳೆಯ ಕಂಬಳದ ಹುಚ್ಚ. ಬೆಂಗಳೂರಿನವರು 2023ರ ನವೆಂಬರಿನಲ್ಲಿ ಅರಮನೆ ಮೈದಾನಕ್ಕೇ ಕಂಬಳ ಬಂದಾಗ ಹೋಗಿ ಸೆಲ್ಫಿ ತೆಗೆಸಿಕೊಂಡಿರುತ್ತೀರಿ. ಆದರೆ ಅಲ್ಲಿ ಕೋಣಗಳನ್ನು ಹೇಗೆ ವಿಂಗಡಿಸುತ್ತಾರೆ ಅಂತ ಗಮನಿಸಿದ್ದೀರಾ? ನಾನು ಗಮನಿಸಿರಲಿಲ್ಲ. ಅವನೇ ಫೋನಿನಲ್ಲಿ ಬಿಡಿಸಿ ಹೇಳಿದ್ದು.

ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ, ಅಡ್ಡ ಹಲಗೆ, ಕನೆ ಹಲಗೆ. ಒಟ್ಟು ಆರು. ಹಿರಿಯ ಕಿರಿಯ ಅನ್ನುವುದು ಕೋಣದ ಪ್ರಾಯ. ಉಳಿದದ್ದೆಲ್ಲ ಕೋಣದ ಹಿಂದೆ ಏನು ಕಟ್ಟಿದ್ದಾರೆ ಅನ್ನುವುದರ ಮೇಲೆ. ಹಗ್ಗದಲ್ಲಿ ನೊಗಕ್ಕೆ ಕಟ್ಟಿದ ಹಗ್ಗ ಮಾತ್ರ, ಓಡಿಸುವವನು ಅದನ್ನು ಹಿಡಿದು ಕಾಲಲ್ಲೇ ಓಡಬೇಕು. ನೇಗಿಲಿನಲ್ಲಿ ಹಗುರವಾದ ಮರದ ನೇಗಿಲು. ಅಡ್ಡ ಹಲಗೆಯಲ್ಲಿ ಹಲಗೆಯ ಮೇಲೆ ನಿಂತು ಹೋಗಬೇಕು. ಕನೆ ಹಲಗೆಯ ಕಥೆಯೇ ಬೇರೆ. ಆ ಹಲಗೆಗೆ ತೂತುಗಳಿರುತ್ತವೆ, ಕೋಣ ಓಡುವ ರಭಸಕ್ಕೆ ಕೆಸರುನೀರು ಆ ತೂತುಗಳಿಂದ ಮೇಲಕ್ಕೆ ಚಿಮ್ಮುತ್ತದೆ. ಎತ್ತರದಲ್ಲಿ ಆರೂವರೆ ಕೋಲು, ಏಳೂವರೆ ಕೋಲು ಅಂತ ಬಟ್ಟೆಯ ನಿಶಾನೆ ಕಟ್ಟಿರುತ್ತಾರೆ. ನೀರು ಅಲ್ಲಿಗೆ ಮುಟ್ಟಿತೇ ಇಲ್ಲವೇ ಅನ್ನುವುದೇ ತೀರ್ಪು. ಸ್ಟಾಪ್‌ವಾಚಿಗೆ ಅಲ್ಲಿ ಕೆಲಸವಿಲ್ಲ.

ಎಷ್ಟು ಜಾಣತನ ನೋಡಿ. ನೀನು ಎಷ್ಟು ಜೋರು ಅಂತ ಮೊದಲು ಅಳೆದು ಆಮೇಲೆ ಸಾಲು ಮಾಡುವುದಿಲ್ಲ. ಕೆಲಸ ಯಾವುದು ಅಂತ ಮೊದಲು ಹೇಳಿ, ಅದಕ್ಕೆ ತಕ್ಕ ಜೋಡಿ ತನ್ನಿ ಅನ್ನುತ್ತಾರೆ. ಹಗ್ಗದ ಜೋಡಿ ಕನೆ ಹಲಗೆಯ ಜೋಡಿಗಿಂತ ಮೇಲೋ ಕೆಳಗೋ ಅನ್ನುವ ಪ್ರಶ್ನೆ ಅಲ್ಲಿ ಹುಟ್ಟುವುದೇ ಇಲ್ಲ. ಗೇಮಿನ ಕ್ಲಾಸುಗಳು ಏಣಿಯ ಮೆಟ್ಟಿಲಿದ್ದ ಹಾಗೆ, ಡಿಯಲ್ಲಿ ಇರುವವನು ಎಕ್ಸ್ ಕಡೆ ಕತ್ತೆತ್ತಿ ನೋಡಬೇಕು. ಕಂಬಳದ ವಿಭಾಗಗಳು ಒಂದೇ ಜಗಲಿಯ ಮೇಲಿನ ಬೇರೆ ಬೇರೆ ಬಾಗಿಲುಗಳು.

ಬಾಗಿಲು ತಪ್ಪಿ ಅಳೆದರೆ ಏನಾಗುತ್ತದೆ ಅಂತ ನಾವೆಲ್ಲ 2020ರ ಫೆಬ್ರವರಿಯಲ್ಲಿ ನೋಡಿದ್ದೇವೆ. ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಮುಟ್ಟಿದರು. ಯಾರೋ ಭಾಗಾಕಾರ ಮಾಡಿ, 100 ಮೀಟರಿಗೆ 9.55 ಆಯಿತು, ಉಸೇನ್ ಬೋಲ್ಟ್‌ನದು 9.58, ಸಿಕ್ಕನಲ್ಲ ನಮ್ಮ ಬೋಲ್ಟ್ ಅಂದರು. ದೇಶವೆಲ್ಲ ಸುದ್ದಿ. ಕೇಂದ್ರದ ಕ್ರೀಡಾ ಮಂತ್ರಿಗಳು ಟ್ರಯಲ್ಸಿಗೆ ಕರೆಸುತ್ತೇವೆ ಅಂದರು. ಕೆಲವೇ ದಿನದಲ್ಲಿ ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿ ಅದಕ್ಕಿಂತಲೂ ವೇಗವಾಗಿ ಓಡಿದರು. ಶ್ರೀನಿವಾಸ ಗೌಡರು ಮಾತ್ರ ಕಂಬಳವೇ ಬೇರೆ, ಟ್ರ್ಯಾಕೇ ಬೇರೆ ಅಂತ ಹೇಳಿ ಟ್ರಯಲ್ಸಿಗೆ ಹೋಗಲಿಲ್ಲ. ಹಗ್ಗ ಹಿಡಿದು ಕೋಣಗಳ ಜೊತೆ ಕೆಸರಿನಲ್ಲಿ ಓಡುವುದಕ್ಕೂ ಬರಿಗೈಯಲ್ಲಿ ಟ್ರ್ಯಾಕಿನ ಮೇಲೆ ಓಡುವುದಕ್ಕೂ ಸಮ ಚಿಹ್ನೆ ಹಾಕಿದವರು ನಾವು ಮೊಬೈಲು ಹಿಡಿದು ಕೂತವರು. ಗದ್ದೆಯಲ್ಲಿ ನಿಂತವರಿಗೆ ಆ ಗೊಂದಲ ಇರಲಿಲ್ಲ.

ನಮ್ಮ ಜಿಲ್ಲೆಯದೇ ಇನ್ನೊಂದು ಉದಾಹರಣೆ ಇದೆ. ಚಿಕ್ಕಮಗಳೂರಿನ ಕಾಫಿ ಎಸ್ಟೇಟುಗಳ ಮಣ್ಣು ರಸ್ತೆಯಲ್ಲಿ ಕಾರ್ ರ್‍ಯಾಲಿ ನಡೆಯುತ್ತದೆ. ಏಷ್ಯಾ ಪೆಸಿಫಿಕ್ ಚಾಂಪಿಯನ್‌ಶಿಪ್ಪಿನ ಸುತ್ತೂ ಇಲ್ಲಿ ನಡೆದಿದೆ. 2013, 2016, 2017ರಲ್ಲಿ ಆ ಚಾಂಪಿಯನ್‌ಶಿಪ್ಪು ಗೆದ್ದು 2019ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಗೌರವ್ ಗಿಲ್ ಇದೇ ಮಣ್ಣಿನಲ್ಲಿ ಓಡಿಸಿದವರು. ರ್‍ಯಾಲಿಯಲ್ಲಿ ಕಾರುಗಳು ಒಂದರ ಹಿಂದೆ ಒಂದು ಹೊರಡುತ್ತವೆ. ದೊಡ್ಡ ಇಂಜಿನ್ನಿನದ್ದು, ಸಣ್ಣ ಇಂಜಿನ್ನಿನದ್ದು ಎಲ್ಲಕ್ಕೂ ಅದೇ ರಸ್ತೆ, ಅದೇ ಧೂಳು. ಒಟ್ಟು ಫಲಿತಾಂಶ ಒಂದು, ವಿಭಾಗವಾರು ಫಲಿತಾಂಶ ಬೇರೆ. ಸಣ್ಣ ಕಾರಿನವನು ಮೈಮರೆತು ಓಡಿಸಿ ತನ್ನ ವಿಭಾಗ ಗೆಲ್ಲುತ್ತಾನೆ, ಮೇಲಿನ ವಿಭಾಗದ ಒಂದೆರಡು ಕಾರನ್ನು ಹಿಂದೆ ಹಾಕಿದರೆ ಅದು ಅವನ ಲಾಭ. ಇಲ್ಲಿ ಗ್ರೇಸ್ ಮಾರ್ಕ್ಸ್ ಇಲ್ಲ, ಅವಮಾನವೂ ಇಲ್ಲ.

ಇವೆಲ್ಲ ಸೇರಿಸಿ ನಾವು ಮೂರನೇ ಸಲ ನಿಯಮ ಬರೆದೆವು. ಮೊದಲ ಸಾಲು ಹೀಗಿದೆ: ರಸ್ತೆ ಮೊದಲು, ಕಾರು ಆಮೇಲೆ. ಈಗ ನಮ್ಮಲ್ಲಿ ನಾಲ್ಕು ಕ್ಲಾಸು.

ಒಂದು, ಮುಳ್ಳೋಡಿ. ಮಣ್ಣು, ಕಲ್ಲು, ಏರು. 500 ಮೀರುವಂತಿಲ್ಲ, ಕಾರು 1990ಕ್ಕಿಂತ ಹಳೆಯದಿರಬೇಕು, ಇಂಜಿನ್ ಬದಲಾಯಿಸುವ ಹಾಗಿಲ್ಲ.

ಎರಡು, ಎಸ್.ಕೆ. ಬಾರ್ಡರ್. ಡಾಂಬರು, ಬರೀ ತಿರುವು. 600ರವರೆಗೆ. ಕಾರು ಹುಟ್ಟುವಾಗ ಯಾವ ಚಕ್ರಕ್ಕೆ ಶಕ್ತಿ ಇತ್ತೋ ಅದಕ್ಕೇ ಇರಬೇಕು. ಈ ಒಂದು ಸಾಲಿನಿಂದಲೇ ಡಲ್ಲಾಸಿನವನ ಅರ್ಧ ಗ್ಯಾರೇಜು ಮೂಲೆ ಸೇರಿತು.

ಮೂರು, ತುಮಕೂರು ರೋಡ್. ನೇರ ರಸ್ತೆ, 800, ಏನು ಬೇಕಾದರೂ ಮಾಡಿಕೊಳ್ಳಿ. ಬೇಲಿಗೆ ಒರಗುವ ಚಪಲ ಇರುವವರಿಗೂ ಒಂದು ಜಾಗ ಬೇಕಲ್ಲ.

ನಾಲ್ಕು, ಕನೆ ಹಲಗೆ. ಇದು ರೇಸೇ ಅಲ್ಲ. ಗೇಮಿನಲ್ಲಿ ಗುಡ್ಡದ ತುದಿಯಿಂದ ಕಾರು ಹಾರಿಸುವ ಜಾಗಗಳಿವೆ, ಎಷ್ಟು ದೂರ ಹಾರಿತು ಅಂತ ತೋರಿಸುತ್ತದೆ. ನಾವು ಎರಡು ನಿಶಾನೆ ಇಟ್ಟುಕೊಂಡಿದ್ದೇವೆ. ಮುಟ್ಟಿದರೆ ಅಂಕ, ಇಲ್ಲದಿದ್ದರೆ ಇಲ್ಲ. ಐದೂ ಜನ ಮುಟ್ಟಿದರೆ ಐದೂ ಜನಕ್ಕೆ ಅಂಕ.

ರಸ್ತೆ ಆರಿಸುವ ಅಧಿಕಾರ ತಿಂಗಳಿಗೊಬ್ಬರಿಗೆ. ಮೊದಲ ತಿಂಗಳು ಸಂಸೆಯವನಿಗೆ ಕೊಟ್ಟೆವು. ಜ್ವಾಲಾಮುಖಿಯ ಮಗ್ಗುಲಲ್ಲಿ ಒಂದು ಹಾಳು ದಾರಿ ಹುಡುಕಿಕೊಂಡು ಬಂದ. ಮುಳ್ಳೋಡಿ ಕ್ಲಾಸಿನ ಮೊದಲ ಎರಡು ವಾರ ಅವನೇ ಗೆದ್ದ. ಪವಾಡವೇನೂ ಇಲ್ಲ. ನಾವು ನಾಲ್ವರು ಮಣ್ಣಿನಲ್ಲಿ ಕಾರು ಜಾರಿದ ಕೂಡಲೇ ಬ್ರೇಕ್ ಒತ್ತುತ್ತಿದ್ದೆವು, ಅವನು ಒತ್ತುತ್ತಿರಲಿಲ್ಲ. ದಿನಾ ಜೀಪಿನಲ್ಲಿ ಗೊಬ್ಬರ ಹೇರಿಕೊಂಡು ಹೋಗುವವನ ಕೈಗೆ ಅದು ಗೊತ್ತಿತ್ತು. ಮೂರನೇ ವಾರಕ್ಕೆ ಡಲ್ಲಾಸಿನವನು ಕಲಿತುಬಿಟ್ಟ, ಸೋಲಿಸಿದ. "ಈಗ ಸರಿಯಾಯ್ತು ನೋಡು" ಅಂತ ಸೋತವನೇ ಹೇಳಿದ. ಆ ವಾರ ರೇಸು ಮುಗಿದ ಮೇಲೂ ಮುಕ್ಕಾಲು ಗಂಟೆ ಮಾತಾಡಿದೆವು. ತೋಟದ ಒಂದು ಭಾಗದಲ್ಲಿ ಅಡಿಕೆ ಬಿಟ್ಟು ಕಾಳುಮೆಣಸು, ಕಾಫಿಯನ್ನೇ ಹೆಚ್ಚು ಮಾಡುವ ಯೋಚನೆಯಿದೆ ಅಂದ. ಬ್ಯಾಂಕಿನವನು ಯಾವ ಸಾಲ ತೆಗೀಬೇಕು, ಯಾವುದು ತೆಗೀಬಾರದು ಅಂತ ಹೇಳಿಕೊಟ್ಟ. ಇದೆಲ್ಲ ಗೇಮಿನ ಹೊರಗೆ ಕೇಳಿದ್ದರೆ ಅವನು ಹೇಳುತ್ತಿರಲಿಲ್ಲ, ನಾವು ಕೇಳುತ್ತಲೂ ಇರಲಿಲ್ಲ.

ನಿಮ್ಮಲ್ಲಿ ಎಷ್ಟೋ ಜನಕ್ಕೆ ಏಪ್ರಿಲ್ ಬಂದರೆ ಆಫೀಸಿನಲ್ಲಿ ಒಂದು ಅಂಕಿ ಸಿಗುತ್ತದೆ. ಕೆಲವರು ಆ ಅಂಕಿ ಕೊಡುವ ಕುರ್ಚಿಯಲ್ಲೂ ಇರುತ್ತೀರಿ. ನಾನೂ ಇದ್ದೇನೆ. ನನ್ನ ಟೀಮಿನಲ್ಲಿ ಒಬ್ಬಳಿದ್ದಾಳೆ. ಹೊಸ ಫೀಚರು ಬರೆಯುವುದು ಅವಳ ಕೆಲಸವಲ್ಲ, ರಾತ್ರಿ ಎರಡು ಗಂಟೆಗೆ ಸರ್ವರು ಬಿದ್ದರೆ ಎಬ್ಬಿಸುವುದು ಅವಳ ಕೆಲಸ. ಫಾರಂನಲ್ಲಿ ಕೇಳುವುದು ಎಷ್ಟು ಫೀಚರು ಕೊಟ್ಟಿರಿ ಅಂತ. ವರ್ಷವರ್ಷವೂ ಅವಳದು ಡಿ ಕ್ಲಾಸು. ಈ ಸಲ ನಾನು ಅಂಕಿ ತುಂಬುವ ಮೊದಲು ಪಕ್ಕದ ಖಾಲಿ ಜಾಗದಲ್ಲಿ ಯಾವ ರಸ್ತೆ ಅಂತ ಬರೆದೆ. ಎಷ್ಟು ರಾತ್ರಿ, ಎಷ್ಟು ಸಲ, ಎಷ್ಟು ನಿಮಿಷದಲ್ಲಿ ಎಬ್ಬಿಸಿದಳು ಅಂತ. ಮೇಲಿನವರು ಅದನ್ನು ಓದುತ್ತಾರೋ ಇಲ್ಲವೋ, ಫಲಿತಾಂಶ ಇನ್ನೂ ಬಂದಿಲ್ಲ.

ಇನ್ನು ನಮ್ಮ ನಿಯಮಕ್ಕೂ ತೂತು ಬೀಳಲು ಶುರುವಾಗಿದೆ. 1990ಕ್ಕಿಂತ ಹಳೆಯ ಕಾರು ಅಂದರೆ ಹಳೇ ರ್‍ಯಾಲಿ ಕಾರುಗಳೂ ಬರುತ್ತವಲ್ಲ ಅಂತ ಮಂಗಳೂರಿನವನು ಕಂಡುಹಿಡಿದಿದ್ದಾನೆ. ಅವುಗಳ ಬಿಡಿಭಾಗ ಕಿತ್ತು ಕಿತ್ತು 500ಕ್ಕೆ ಇಳಿಸಿದರೂ ಮಣ್ಣಿನಲ್ಲಿ ಓಡುವ ಹುಟ್ಟುಗುಣ ಹೋಗುವುದಿಲ್ಲ. ಈ ಭಾನುವಾರ ಅದರ ಮೇಲೆ ಚರ್ಚೆಯಿದೆ. ಸಂಸೆಯವನು ಆಗಲೇ ಒಂದು ತಿದ್ದುಪಡಿ ಕಳಿಸಿದ್ದಾನೆ: ಮುಳ್ಳೋಡಿ ಕ್ಲಾಸಿಗೆ ಬರುವ ಗಾಡಿಯ ಹಿಂದೆ ನಾಲ್ಕು ಚೀಲ ಗೊಬ್ಬರ ಹಿಡಿಯಬೇಕು. ಹಿಡಿಯುತ್ತದೋ ಇಲ್ಲವೋ ಅಂತ ತೀರ್ಮಾನಿಸುವವನು ತಾನೇ ಅಂತೆ.